ಲೀವ್ ಲೆಟರ್‌ನಲ್ಲಿ ಜ್ವರ ಅಂತ ಬರೆಯೋದು ನಿಲ್ಲಿಸಿ

ಪ್ರಶ್ನೆ: ಮೇಡಂ, ನನ್ನ ಮಗಳು ಏಳನೇ ಕ್ಲಾಸು. ಹೋದ ವರ್ಷದವರೆಗೂ ಖುಷಿಯಾಗಿ ಸ್ಕೂಲಿಗೆ ಹೋಗ್ತಿದ್ದವಳು ಈಗ ಬೆಳಿಗ್ಗೆ ಎದ್ದ ತಕ್ಷಣ ಹೊಟ್ಟೆನೋವು ಅಂತಾಳೆ, ಒಂದೊಂದು ಸಲ ವಾಂತಿನೂ ಆಗುತ್ತೆ. ಡಾಕ್ಟರ್‌ಗೆ ಎರಡು ಸಲ ತೋರಿಸಿದ್ವಿ, ಟೆಸ್ಟ್ ಎಲ್ಲ ನಾರ್ಮಲ್. ಹತ್ತು ಗಂಟೆ ಆಗ್ತಿದ್ದಂಗೆ ಆರಾಮಾಗಿ ಟಿವಿ ಮುಂದೆ ಕೂತಿರ್ತಾಳೆ. ನಮ್ಮ ಯಜಮಾನ್ರು ಎಲ್ಲಾ ನಾಟಕ, ಎರಡು ಬಿಟ್ರೆ ಸರಿಹೋಗ್ತಾಳೆ ಅಂತಾರೆ, ನಮ್ಮತ್ತೆ ಮಗೂನ ಯಾಕೆ ಗೋಳು ಹುಯ್ಕೊತೀರ, ಒಂದಿನ ಬಿಡಿ ಅಂತಾರೆ. ಮೂರು ತಿಂಗಳಲ್ಲಿ 11 ದಿನ ತಪ್ಪಿಸಿದಾಳೆ. ನಾನು ಪ್ರತಿ ಸಲ ಜ್ವರ ಅಂತ ಲೀವ್ ಲೆಟರ್ ಬರೆದು ಕಳಿಸ್ತಿದೀನಿ. ನಿಜ ಹೇಳಿದ್ರೆ ಟೀಚರ್ ಏನಂದ್ಕೊತಾರೋ ಅಂತ ಭಯ. ಏನ್ಮಾಡ್ಲಿ?
(ಹೆಸರು ಬೇಡ)

ಉತ್ತರ: ಅಮ್ಮಾ, ಮೊದಲನೇದಾಗಿ ಇದು ನಾಟಕ ಅಲ್ಲ. ಹೆದರಿಕೆ ಆದಾಗ ಹೊಟ್ಟೆ ನಿಜವಾಗ್ಲೂ ಹಿಂಡುತ್ತೆ, ದೊಡ್ಡವರಿಗೂ ಇಂಟರ್‌ವ್ಯೂ ದಿನ ಹಂಗೇ ಆಗುತ್ತಲ್ವಾ. "ಸರಿ, ಇವತ್ತು ಬೇಡ ಬಿಡು" ಅಂತ ನೀವು ಅಂದ ತಕ್ಷಣ ಹೆದರಿಕೆ ಇಳಿಯುತ್ತೆ, ನೋವೂ ಇಳಿಯುತ್ತೆ, ಅದಕ್ಕೇ ಹತ್ತು ಗಂಟೆಗೆ ಆರಾಮಾಗಿರ್ತಾಳೆ. ತೊಂದರೆ ಏನಂದ್ರೆ ಮನೇಲಿ ಉಳಿದ್ರೆ ನೆಮ್ಮದಿ ಅಂತ ಅವಳ ಮೈಗೆ ಪ್ರತಿ ಸಲ ಒಂದು ಪಾಠ ಆಗ್ತಿರುತ್ತೆ, ಮಾರನೇ ದಿನ ಗೇಟ್ ಇನ್ನೂ ದೂರ ಕಾಣುತ್ತೆ. ಅದಕ್ಕೇ ಏಟೂ ಕೆಲಸ ಮಾಡಲ್ಲ, ಒಂದಿನ ಬಿಡಿ ಅನ್ನೋದೂ ಕೆಲಸ ಮಾಡಲ್ಲ.

ಇನ್ನು 11 ದಿನದ ಲೆಕ್ಕ. ಮೂರು ತಿಂಗಳಿಗೆ ಸ್ಕೂಲು ಸುಮಾರು 60 ದಿನ ಇರುತ್ತೆ ಅಂದ್ಕೊಳ್ಳಿ. ನೂರಕ್ಕೆ 10 ದಿನ ತಪ್ಪಿದ್ರೇನೇ ಗಮನ ಕೊಡ್ಬೇಕು ಅಂತ ಶಿಕ್ಷಣದ ಕೆಲಸ ಮಾಡೋರು ಎಷ್ಟೋ ಕಡೆ ಗೆರೆ ಹಾಕ್ಕೊಂಡಿದಾರೆ, ನಿಮ್ಮ ಮಗಳು ಆಗ್ಲೇ 18ರ ಹತ್ರ ಇದಾಳೆ. ಹೆದರಿಸೋಕೆ ಹೇಳ್ತಿಲ್ಲ, ಇನ್ನೊಂದು ಟರ್ಮ್ ಕಾಯ್ಬೇಡಿ ಅಂತ ಹೇಳ್ತಿದೀನಿ.

ಈಗ ಆ ಜ್ವರದ ಲೆಟರ್ ವಿಷಯಕ್ಕೆ ಬರ್ತೀನಿ, ನನಗೆ ಎಲ್ಲಕ್ಕಿಂತ ಮುಖ್ಯ ಅನ್ಸಿದ್ದು ಅದೇ. ನಾನು ಟೀಚರ್ ಆಗಿದ್ದಾಗ ಒಬ್ಬ ಹುಡುಗ ದಿನಾ ಅಟೆಂಡೆನ್ಸ್ ಮುಗಿದ ಮೇಲೆ ಬರ್ತಿದ್ದ, ಆಮೇಲಾಮೇಲೆ ಬರೋದನ್ನೇ ಬಿಟ್ಟ, ಮನೆಯಿಂದ ಜ್ವರ, ಕೆಮ್ಮು, ನೆಂಟರ ಮದುವೆ ಅಂತ ಚೀಟಿ ಬರ್ತಿತ್ತು. ಕೊನೆಗೊಂದಿನ ಅವರಮ್ಮ ಬಂದು ಬಾಗಿಲಲ್ಲೇ ನಿಂತ್ಕೊಂಡು ಹೇಳಿದ್ರು, ಮಿಸ್ ಅವನಿಗೆ ಸ್ವಲ್ಪ ಉಗ್ಗು, "ಪ್ರೆಸೆಂಟ್ ಮಿಸ್" ಅನ್ನೋಕೆ ಆಗಲ್ಲ, ಎಲ್ಲರೂ ನಗ್ತಾರೆ. ನಾನು ದಿನಾ 40 ಹೆಸರು ಕೂಗ್ತಿದ್ದೆ, ಆ ಒಂದು ಮಾತಿಗೋಸ್ಕರ ಒಂದು ಮಗು ರಾತ್ರಿಯೆಲ್ಲ ನಿದ್ದೆಗೆಡುತ್ತೆ ಅಂತ ನನಗೆ ಹೊಳೆದೇ ಇರ್ಲಿಲ್ಲ. ಮಾರನೇ ದಿನದಿಂದ ಕೂಗೋದು ಬಿಟ್ಟು ಮುಖ ನೋಡ್ಕೊಂಡು ಟಿಕ್ ಹಾಕ್ತಾ ಬಂದೆ. ನಗು ನಿಲ್ಲಿಸೋಕೆ ಟೈಮ್ ಹಿಡೀತು, ಆದ್ರೆ ಹುಡುಗ ಬರೋಕೆ ಶುರು ಮಾಡಿದ. ನಿಜವಾದ ಕಾರಣ ಒಂದು ತಿಂಗಳು ಮೊದಲೇ ಗೊತ್ತಾಗಿದ್ರೆ ಅಂತ ಈಗಲೂ ಸಂಕಟ ಆಗುತ್ತೆ.

ಅದಕ್ಕೇ ನೀವು ಈ ವಾರನೇ ಒಂದು ಲೆಟರ್ ಬರೀರಿ. "ಮಿಸ್, ಮಗಳಿಗೆ ಜ್ವರ ಇರ್ಲಿಲ್ಲ. ಸ್ಕೂಲ್ ಅಂದ್ರೆ ಹೊಟ್ಟೆನೋವು ಬರ್ತಿದೆ, ಕಾರಣ ನಮಗೂ ಗೊತ್ತಾಗ್ತಿಲ್ಲ. ನಿಮ್ಮ ಜೊತೆ 20 ನಿಮಿಷ ಕೂತು ಮಾತಾಡ್ಬೇಕು." ಇಷ್ಟು ಸಾಕು. ಹೋಗೋ ಮುಂಚೆ ಆ 11 ತಾರೀಖನ್ನ ಒಂದು ಹಾಳೆ ಮೇಲೆ ಬರ್ಕೊಂಡು ಟೈಮ್‌ಟೇಬಲ್ ಪಕ್ಕ ಇಟ್ಟು ನೋಡಿ. ಯಾವ ವಾರ, ಯಾವ ಪೀರಿಯಡ್, ರಜೆ ಮುಗಿದ ಮಾರನೇ ದಿನವೋ, ಟೆಸ್ಟ್ ಇದ್ದ ದಿನವೋ. ಸ್ಕೂಲ್ ತಪ್ಪಿಸೋ ಮಕ್ಕಳ ಬಗ್ಗೆ ಬಹಳ ಕೆಲಸ ಮಾಡಿರೋ ಕ್ರಿಸ್ಟೋಫರ್ ಕಿಯರ್ನಿ ಅನ್ನೋ ಮನಃಶಾಸ್ತ್ರಜ್ಞರು ನಾಲ್ಕು ಥರದ ಕಾರಣ ಹೇಳ್ತಾರೆ: ಸ್ಕೂಲಲ್ಲಿ ಆಗೋ ಯಾವುದೋ ಹಿಂಸೆ ಅಥವಾ ಆತಂಕದಿಂದ ದೂರ ಇರೋಕೆ, ನಾಲ್ಕು ಜನರ ಮುಂದೆ ಮಾತಾಡೋದು ಅಥವಾ ಪರೀಕ್ಷೆ ತಪ್ಪಿಸೋಕೆ, ಮನೆಯವರು ಹತ್ತಿರ ಇರ್ಲಿ ಅಂತ, ಇಲ್ಲಾಂದ್ರೆ ಹೊರಗೆ ಸಿಗೋ ಫೋನು, ಆಟದ ಆಸೆಗೆ. ಒಂದೇ ಮಗೂಗೆ ಎರಡು ಮೂರು ಕಾರಣ ಸೇರಿಕೊಂಡಿರಬಹುದು. ಟೀಚರ್ ಹತ್ರ ಮಾರ್ಕ್ಸ್ ಬಗ್ಗೆ ಕೇಳ್ಬೇಡಿ. ಲಂಚ್ ಟೈಮಲ್ಲಿ ಯಾರ ಜೊತೆ ಕೂರ್ತಾಳೆ, ಯಾವ ಪೀರಿಯಡ್‌ನಲ್ಲಿ ಸುಮ್ಮನಾಗ್ತಾಳೆ, ಹೋದ ವರ್ಷದ ಗೆಳತಿ ಬೇರೆ ಸೆಕ್ಷನ್‌ಗೆ ಹೋದ್ಲಾ, ಇದನ್ನ ಕೇಳಿ. ಮನೆಗೆ ಕಾಣದ್ದು ಅವರಿಗೆ ಕಾಣುತ್ತೆ, ಅವರಿಗೆ ಕಾಣದ್ದು ನಿಮಗೆ.

ಯಾರಾದ್ರೂ ಕಾಡಿಸ್ತಿದಾರೆ ಅಂತ ಗೊತ್ತಾದ್ರೆ ಮೊದಲು ಅದನ್ನ ಸ್ಕೂಲಿನವರು ನಿಲ್ಲಿಸ್ಬೇಕು, ಮಗು ಧೈರ್ಯ ತಂದ್ಕೊಳ್ಲಿ ಅಂತ ಅಲ್ಲಿಗೇ ತಳ್ಳೋದು ಅನ್ಯಾಯ. ಬೇರೆ ಕಾರಣ ಆದ್ರೆ ಸ್ವಲ್ಪ ಸ್ವಲ್ಪವಾಗಿ ವಾಪಸ್ ಕರ್ಕೊಂಡು ಬನ್ನಿ. ಮೊದಲ ವಾರ ಎರಡು ಪೀರಿಯಡ್ ಸಾಕು, ಆದ್ರೆ ದಿನಾ ಹೋಗ್ಬೇಕು. ಗೇಟ್ ಹತ್ರ ಅವಳಿಗೆ ಇಷ್ಟ ಇರೋ ಒಬ್ಬ ಟೀಚರ್ ಬಂದು ಒಳಗೆ ಕರ್ಕೊಂಡು ಹೋಗ್ಲಿ. "ಇಷ್ಟು ದಿನ ಎಲ್ಲಿದ್ದೆ" ಅಂತ ಕ್ಲಾಸಲ್ಲಿ ಯಾರೂ ಕೇಳಬಾರದು, ಬಂದ್ಯಾ, ಒಳ್ಳೇದಾಯ್ತು ಅಂದ್ರೆ ಸಾಕು. ಬಿಟ್ಟುಹೋದ ನೋಟ್ಸ್ ಎಲ್ಲ ಒಂದೇ ವಾರದಲ್ಲಿ ಬರೆಸ್ಬೇಡಿ, ಆ ರಾಶಿ ನೋಡೇ ಎಷ್ಟೋ ಮಕ್ಕಳು ಮತ್ತೆ ಮಲಗಿಬಿಡ್ತಾರೆ.

ಮನೇಲಿ ನೀವು ಮೂರೂ ಜನ ಒಂದೇ ಮಾತು ಆಡ್ಬೇಕು. ಬೆಳಿಗ್ಗೆ "ಹೊಟ್ಟೆ ಹೇಗಿದೆ", "ಹೋಗ್ತೀಯಾ" ಅಂತ ಕೇಳ್ಬೇಡಿ. ನೋವಿದೆ ಅಂದ್ರೆ, ಗೊತ್ತು ಪುಟ್ಟಾ, ಕಷ್ಟ ಆಗ್ತಿದೆ, ಆದ್ರೂ ಹೊರಡೋಣ, ಗೇಟ್ ತನಕ ನಾನೂ ಬರ್ತೀನಿ ಅನ್ನಿ. ಉಳಿದೇಬಿಟ್ರೆ ಸ್ಕೂಲ್ ಟೈಮ್ ಮುಗಿಯೋ ತನಕ ಟಿವಿ, ಮೊಬೈಲ್ ಇಲ್ಲ, ಪುಸ್ತಕ ಇರ್ಲಿ, ಬೈಗುಳ ಬೇಡ. ಅತ್ತೆಯವರಿಗೆ ನೀವೇ ಕೂತು ಬಿಡಿಸಿ ಹೇಳಿ, ಮೊಮ್ಮಗಳ ಮೇಲಿನ ಪ್ರೀತಿಯಿಂದಲೇ ಅಲ್ವಾ ಅವರು ಹಂಗನ್ನೋದು. ನಿದ್ದೆನೂ ನೋಡಿ, 6ರಿಂದ 12 ವರ್ಷದ ಮಕ್ಕಳಿಗೆ 9ರಿಂದ 12 ಗಂಟೆ ಬೇಕು, ಆಮೇಲೆ 8ರಿಂದ 10.

ಊಟ ಬಿಟ್ಟಿದ್ರೆ, ನಿದ್ದೆ ಇಲ್ದೇ ಇದ್ರೆ, ಸಾಯೋ ಮಾತು ಆಡಿದ್ರೆ ಇದ್ಯಾವುದಕ್ಕೂ ಕಾಯದೆ ಅವತ್ತೇ ಮಕ್ಕಳ ಮನೋವೈದ್ಯರ ಹತ್ರ ಕರ್ಕೊಂಡು ಹೋಗಿ. ಇಲ್ಲಾಂದ್ರೆ ಮೊದಲು ಆ ಲೆಟರ್ ಕಳಿಸಿ, ಟೀಚರ್ ಜೊತೆ ಕೂತು ಬನ್ನಿ. ಆ 11 ದಿನ ಯಾವ ಪೀರಿಯಡ್ ಮೇಲೆ ಬಿತ್ತು ಅಂತ ನನಗೂ ಒಂದು ಸಾಲು ಬರೀರಿ, ಕಾಯ್ತಿರ್ತೀನಿ.