ಮೂರು ಕಿಲೋವಾಟ್ ಎಂದರೆ ಮೂರು ಬರಲೇಬೇಕೇ?

ಪ್ರಶ್ನೆ: ಏಪ್ರಿಲ್ ಮೊದಲ ವಾರ ತಾರಸಿಯ ಮೇಲೆ 3 ಕಿಲೋವಾಟ್ ಸೋಲಾರ್ ಹಾಕಿಸಿದೆವು. ದಿನಕ್ಕೆ 12 ಯೂನಿಟ್ ಬರುತ್ತದೆ ಎಂದಿದ್ದರು. ಸುಡುವ ಬಿಸಿಲಿನಲ್ಲೂ ಮೊಬೈಲ್ ಆ್ಯಪ್ 2.3 ಕಿಲೋವಾಟ್ ದಾಟುವುದಿಲ್ಲ. ಎರಡೂವರೆ ಗಂಟೆಯಾಯಿತೆಂದರೆ ದಿಢೀರನೆ ಒಂದಕ್ಕಿಂತ ಕೆಳಗಿಳಿಯುತ್ತದೆ. ಸಂಜೆಗೆ ಒಂಬತ್ತು–ಹತ್ತು ಯೂನಿಟ್. ಮನೆಯ ಪಶ್ಚಿಮಕ್ಕೆ ಎರಡು ತೆಂಗಿನ ಮರಗಳಿವೆ. ಮೋಸ ಹೋದೆವೇ?
– ಓದುಗರು, ತಿಪಟೂರು

ಉತ್ತರ: 2.3ಕ್ಕೆ ಯಾರನ್ನೂ ದೂರಬೇಡಿ. ಒಂಬತ್ತು ಯೂನಿಟ್‌ಗೆ ಮಾತ್ರ ಹಾಕಿದವರನ್ನು ಕರೆದು ಕೇಳಿ.

ಬೋರ್‌ವೆಲ್‌ನಲ್ಲಿ ಎರಡಿಂಚು ನೀರು ಎನ್ನುತ್ತೇವಲ್ಲ, ಕಿಲೋವಾಟ್ ಎಂದರೆ ಅದು. ಸಂಜೆಗೆ ತೊಟ್ಟಿಯಲ್ಲಿ ನಿಂತ ನೀರು ಯೂನಿಟ್. ಒಂದು ಕಿಲೋವಾಟ್ ಒಂದು ಗಂಟೆ ಹರಿದರೆ ಒಂದು ಯೂನಿಟ್.

ಪ್ಯಾನಲ್‌ಗಳ ಬೆನ್ನಿನ ಚೀಟಿಯಲ್ಲಿ ಬರೆದಿರುವ ವಾಟ್‌ಗಳನ್ನು ಕೂಡಿದರೆ ನಿಮ್ಮ 3 ಕಿಲೋವಾಟ್. ಅದು ಪ್ರಯೋಗಾಲಯದ ಲೆಕ್ಕ: ಚದರ ಮೀಟರಿಗೆ 1,000 ವಾಟ್ ಬೆಳಕು, ಪ್ಯಾನಲ್ಲಿನ ಬಿಸಿ 25 ಡಿಗ್ರಿ. ಏಪ್ರಿಲ್‌ನ ಮಧ್ಯಾಹ್ನ ನಿಮ್ಮ ತಾರಸಿಯ ಮೇಲಿನ ಪ್ಯಾನಲ್ 65 ಡಿಗ್ರಿ ಮುಟ್ಟಿದರೂ ಆಶ್ಚರ್ಯವಿಲ್ಲ. ಏರಿದ ಪ್ರತಿ ಡಿಗ್ರಿಗೆ ಸುಮಾರು ಶೇ 0.35ರಷ್ಟು ಉತ್ಪಾದನೆ ಕುಗ್ಗುತ್ತದೆ. 40 ಡಿಗ್ರಿಗೆ ಶೇ 14. ಅಲ್ಲಿಗೆ ಮೂರು ಎರಡೂವರೆಯ ಹತ್ತಿರ ಬಂತು. ಮಿಕ್ಕಿದ್ದರಲ್ಲಿ ಇನ್ವರ್ಟರ್ (ಪ್ಯಾನಲ್ಲಿನ ಕರೆಂಟನ್ನು ಮನೆಯಲ್ಲಿ ಬಳಸುವ ಕರೆಂಟಾಗಿ ಬದಲಿಸುವ ಪೆಟ್ಟಿಗೆ), ತಂತಿ, ದೂಳು ತಮ್ಮ ಪಾಲು ತೆಗೆದುಕೊಳ್ಳುತ್ತವೆ. ಸೋಲಾರಿಗೆ ಬಿಸಿಲು ಬೇಕು, ಬಿಸಿ ಬೇಡ.

ದಿನಕ್ಕೆ 12 ಯೂನಿಟ್ ಎಂಬುದು ವರ್ಷದ ಸರಾಸರಿ. ನಮ್ಮ ಸೀಮೆಯಲ್ಲಿ ಕಿಲೋವಾಟ್‌ಗೆ ದಿನಕ್ಕೆ ಸುಮಾರು ನಾಲ್ಕು ಯೂನಿಟ್. ಮಳೆಗಾಲದ ಮೋಡದಲ್ಲಿ ಕಡಿಮೆ, ಬೇಸಿಗೆಯಲ್ಲಿ ಹೆಚ್ಚು. ಹಾಗಿರುವಾಗ ಏಪ್ರಿಲ್‌ನಲ್ಲೇ ಒಂಬತ್ತು ಬರುತ್ತಿದೆಯೆಂದರೆ ಕಳ್ಳ ಆ ತೆಂಗಿನ ಮರವೇ. ಎರಡೂವರೆಗೆ ಬೀಳುವ ಅಂಕಿ ಅದನ್ನೇ ಹೇಳುತ್ತಿದೆ.

ಒಂದೇ ಸಾಲಿಗೆ ಪೋಣಿಸಿದ ಪ್ಯಾನಲ್‌ಗಳೆಂದರೆ ಹನಿ ನೀರಾವರಿಯ ಪೈಪಿದ್ದಂತೆ. ಒಂದು ಕಡೆ ಮಡಚಿಕೊಂಡರೆ ಇಡೀ ಸಾಲಿಗೆ ಏಟು. ನೆರಳು ಬಿದ್ದ ಭಾಗವನ್ನು ಬಿಟ್ಟು ಕರೆಂಟ್ ಸುತ್ತಿ ಹರಿಯಲು ಪ್ಯಾನಲ್ಲಿನೊಳಗೆ ಬೈಪಾಸ್ ಡಯೋಡ್‌ಗಳಿರುತ್ತವೆ. ಆದರೆ ಗರಿಯ ನೆರಳು ಒಂದೇ ಕಡೆ ನಿಲ್ಲುವುದಿಲ್ಲ, ಸಾಲಿನುದ್ದಕ್ಕೂ ಹರಡಿ ಆಡುತ್ತದೆ. ಮರ ಕಡಿಯಿರಿ ಎಂದು ತಿಪಟೂರಿನವರಿಗೆ ಹೇಳುವಷ್ಟು ಧೈರ್ಯ ನನಗಿಲ್ಲ. 3 ಕಿಲೋವಾಟ್‌ಗೆ 300 ಚದರಡಿ ಸಾಕು. ತಾರಸಿಯ ಪೂರ್ವದ ಅಂಚಿನಲ್ಲಿ ಅಷ್ಟು ಜಾಗವಿದ್ದರೆ ಪ್ಯಾನಲ್‌ಗಳನ್ನು ಅತ್ತ ಸರಿಸಲಿ. ಆಗದಿದ್ದರೆ ಒಂದು ಪ್ಯಾನಲ್ಲಿನ ನೆರಳಿನ ಏಟು ಉಳಿದವಕ್ಕೆ ತಾಗದಂತೆ ನೋಡಿಕೊಳ್ಳುವ ಆಪ್ಟಿಮೈಸರ್ ಎಂಬ ಸಾಧನವನ್ನು ಪ್ಯಾನಲ್ಲಿಗೊಂದರಂತೆ ಹಾಕಿಸಬಹುದು, ಖರ್ಚು ಹೆಚ್ಚು. ಜಾಗ ನೋಡಲು ಬಂದವರು ಮರಗಳನ್ನು ಕಂಡೂ ಸುಮ್ಮನಿದ್ದರೆ ತಪ್ಪು ಅವರದೇ.

ತೊಳೆಯುವುದಾದರೆ ಬೆಳಗಿನ ತಂಪಿನಲ್ಲಿ ತೊಳೆದು ಒರೆಸಿಬಿಡಿ. ಗಡಸು ಬೋರ್‌ವೆಲ್ ನೀರು ಗಾಜಿನ ಮೇಲೆ ಒಣಗಿದರೆ ಬಿಳಿ ಕಲೆ ಕೂರುತ್ತದೆ.

ಪ್ರಶ್ನೆ: ಹಗಲು ಕರೆಂಟ್ ಹೋದರೆ ಸೋಲಾರ್ ಇದ್ದರೂ ನಮ್ಮ ಫ್ಯಾನ್ ನಿಲ್ಲುತ್ತದೆ. ಮೀಟರಿನಲ್ಲಿ ಉಳಿಸಿದ ಯೂನಿಟ್ ಎಲ್ಲಿ ಹೋಯಿತು?
– ಓದುಗರು, ಶಿರಾ

ಉತ್ತರ: ಉಳಿದಿರುವುದು ಲೆಕ್ಕ ಮಾತ್ರ, ಕರೆಂಟ್ ಅಲ್ಲ. ನೆಟ್ ಮೀಟರಿಂಗ್‌ನಲ್ಲಿ ಹಗಲು ಹೆಚ್ಚಾದದ್ದು ಬೆಸ್ಕಾಂ ಲೈನಿಗೆ ಹೋಗುತ್ತದೆ, ರಾತ್ರಿ ನೀವು ಅದೇ ಲೈನಿನಿಂದ ಪಡೆಯುತ್ತೀರಿ. ಮೀಟರು ಎರಡನ್ನೂ ಬರೆದುಕೊಳ್ಳುತ್ತದೆ. ಲೈನ್ ಸತ್ತಾಗ ನಿಮ್ಮ ಇನ್ವರ್ಟರ್ ತಾನೂ ನಿಲ್ಲಲೇಬೇಕು. ಇಲ್ಲದಿದ್ದರೆ ಕಂಬ ಹತ್ತಿದ ಲೈನ್‌ಮನ್‌ಗೆ ನಿಮ್ಮ ಮನೆಯ ಕರೆಂಟ್ ಹೊಡೆಯುತ್ತದೆ. ಫ್ಯಾನ್ ತಿರುಗಲೇಬೇಕೆಂದರೆ ಬ್ಯಾಟರಿ ಮತ್ತು ಲೈನ್ ಇಲ್ಲದಾಗಲೂ ಅದರಿಂದ ಮನೆಗೆ ಕರೆಂಟ್ ಕೊಡುವ ಹೈಬ್ರಿಡ್ ಇನ್ವರ್ಟರ್ ಬೇಕು. ದಿನಕ್ಕೆ ಅರ್ಧ ಗಂಟೆಯ ಕಡಿತಕ್ಕೆ ಅಷ್ಟು ಹಣ ಹಾಕುವುದು ನನ್ನ ಮಟ್ಟಿಗೆ ದುಂದು.

ಪ್ರಶ್ನೆ: ಪಾವಗಡದ ಸೋಲಾರ್ ಪಾರ್ಕ್ 2,050 ಮೆಗಾವಾಟ್ ಎನ್ನುತ್ತಾರೆ. ನಮ್ಮ ಮನೆಯ ಲೆಕ್ಕದಲ್ಲಿ ಅದೆಷ್ಟು?
– ವಿದ್ಯಾರ್ಥಿನಿ, ಪಾವಗಡ

ಉತ್ತರ: ಒಂದು ಮೆಗಾವಾಟ್ ಎಂದರೆ 1,000 ಕಿಲೋವಾಟ್. ತಲಾ 3 ಕಿಲೋವಾಟ್‌ನಂತೆ ಏಳು ಲಕ್ಷಕ್ಕೆ ಹತ್ತಿರದಷ್ಟು ತಾರಸಿಗಳು. ಪಾರ್ಕಿಗೆ ಹಿಡಿದ ನೆಲ ಸುಮಾರು 13,000 ಎಕರೆ, ಅದೂ ರೈತರಿಂದ ಗುತ್ತಿಗೆಗೆ ಪಡೆದದ್ದು. ಮೆಗಾವಾಟ್‌ಗೆ ಎಕರೆ ಎಷ್ಟು ಬಿತ್ತೆಂದು ನೀನೇ ಭಾಗಿಸಿ ನೋಡು.