ಟ್ಯೂಡರ್ ಕಾಲದ ಪತ್ತೇದಾರಿ ಕಾದಂಬರಿಯನ್ನು ಗೆಳತಿಯರೊಡನೆ ಓದುವ ಬಗ್ಗೆ

ನಮಸ್ಕಾರ. ಸಿ. ಜೆ. ಸ್ಯಾನ್ಸಮ್ ಅವರ 'ಡಿಸಲ್ಯೂಷನ್' ಕಾದಂಬರಿಯನ್ನು ಗೆಳತಿಯರೊಡನೆ ಓದಲು ಹೊರಟಿದ್ದೀರಿ, ಅದಕ್ಕೆ ಮುನ್ನ ಟ್ಯೂಡರ್ ಇತಿಹಾಸವನ್ನು, ಅಂದರೆ ಹದಿನಾರನೆಯ ಶತಮಾನದಲ್ಲಿ ಇಂಗ್ಲೆಂಡನ್ನಾಳಿದ ಟ್ಯೂಡರ್ ರಾಜವಂಶದ ಇತಿಹಾಸವನ್ನು, ಓದಿಕೊಳ್ಳಬೇಕೇ ಎಂದು ಕೇಳಿದ್ದೀರಿ. ಇಡೀ ಇತಿಹಾಸ ಬೇಕಿಲ್ಲ. ಮಠಗಳ ಕಥೆಯೊಂದು ತಿಳಿದಿದ್ದರೆ ಸಾಕು. 1534ರಲ್ಲಿ ರಾಜ ಎಂಟನೆಯ ಹೆನ್ರಿ, ಪೋಪನ ಬದಲು, ಇಂಗ್ಲೆಂಡಿನ ಚರ್ಚಿಗೆ ತಾನೇ ಮುಖ್ಯಸ್ಥನಾದನು. 1536ರ ಕಾಯ್ದೆಯು ವರ್ಷಕ್ಕೆ 200 ಪೌಂಡಿಗಿಂತ ಕಡಿಮೆ ಆದಾಯವಿದ್ದ ಸಣ್ಣ ಮಠಗಳನ್ನು ಮುಚ್ಚಿಸಲು ಅಧಿಕಾರ ಕೊಟ್ಟಿತು. ದೊಡ್ಡ ಮಠಗಳಿಗೆ ಆ ಕಾಯ್ದೆ ಅನ್ವಯಿಸುತ್ತಿರಲಿಲ್ಲವಾದ್ದರಿಂದ, ಅವು ತಾವಾಗಿಯೇ ಆಸ್ತಿಯನ್ನು ಒಪ್ಪಿಸಿದಂತೆ ಕಾಣಬೇಕೆಂದು ಹೆನ್ರಿಯ ಮುಖ್ಯ ಮಂತ್ರಿ ಥಾಮಸ್ ಕ್ರಾಮ್‌ವೆಲ್‌ನ ಅಧಿಕಾರಿಗಳು ಒತ್ತಡ ಹೇರುತ್ತಿದ್ದರು. ಕಾದಂಬರಿಯ ಕಥೆ ನಡೆಯುವುದು 1537ರಲ್ಲಿ, ಈ ಒತ್ತಡದ ನಟ್ಟನಡುವೆ. ಮಠದೊಳಗೆ ಕೊಲೆಯಾದವನೂ ಅಂಥ ಒಬ್ಬ ಅಧಿಕಾರಿಯೇ. ಇದು ಗೊತ್ತಿದ್ದರೆ ಸನ್ಯಾಸಿಗಳ ಅಳುಕು ಮೊದಲಿನಿಂದಲೇ ಅರ್ಥವಾಗುತ್ತದೆ, ಮತ್ತು ಅಳುಕುವವರೆಲ್ಲರನ್ನೂ ಕೊಲೆಗಾರರೆಂದು ಶಂಕಿಸುವ ತಪ್ಪೂ ತಪ್ಪುತ್ತದೆ.

ಹೆಸರುಗಳ ವಿಷಯದಲ್ಲಿ ಎಚ್ಚರವಿರಲಿ. ಆ ಕಾಲದ ಪ್ರಮುಖರಾದ ವುಲ್ಸಿ, ಮೋರ್, ಕ್ರಾನ್ಮರ್, ಕ್ರಾಮ್‌ವೆಲ್ ನಾಲ್ವರೂ ಥಾಮಸರೇ. ಮುಂದಿನ ಶತಮಾನದ ಆಲಿವರ್ ಕ್ರಾಮ್‌ವೆಲ್ ಬೇರೆ. ನಾವು ಮೂವರು ಓದುವಾಗ ಒಂದು ದೊಡ್ಡ ಹಾಳೆಯ ಮೇಲೆ ಮಠದ ಚರ್ಚು, ಅಡುಗೆಮನೆ, ಆಸ್ಪತ್ರೆಗಳನ್ನು ಪೆನ್ಸಿಲಿನಲ್ಲಿ ಬರೆದುಕೊಂಡು, ಪ್ರತಿಯೊಬ್ಬ ಸನ್ಯಾಸಿಯ ಹೆಸರಿನ ಪಕ್ಕದಲ್ಲಿ ಅವನ ಹೊಣೆಯೇನು, ಕೊಲೆಯ ರಾತ್ರಿ ಎಲ್ಲಿದ್ದೆನೆಂದು ಹೇಳಿದನು ಎಂಬುದನ್ನು ತುಂಬುತ್ತಾ ಹೋದೆವು; ನನಗಂತೂ ಆ ಹಾಳೆಯ ಸುತ್ತ ನಡೆದ ವಾದಗಳೇ ಓದಿನ ಅತ್ಯಂತ ಸುಖದ ಭಾಗವಾಗಿದ್ದವು. ವಾರಕ್ಕೆ ಇಷ್ಟೇ ಅಧ್ಯಾಯವೆಂದು ಮೊದಲೇ ನಿಗದಿ ಮಾಡಿಕೊಳ್ಳಿ; ಮುಂದೆ ಓದಿಬಿಟ್ಟವರು ಆ ವಾರದ ಚರ್ಚೆಯಲ್ಲಿ ಊಹೆ ಹೇಳದಿರಲಿ.