ಹೊಸ ಬ್ಯಾಟರಿಯೂ ಕೈಕೊಟ್ಟರೆ ಆಲ್ಟರ್ನೇಟರ್ ಬದಲಿಸಬೇಕೇ?

ಪ್ರಶ್ನೆ: ಎರಡು ತಿಂಗಳ ಹಿಂದೆ ಕಾರಿಗೆ ಹೊಸ ಬ್ಯಾಟರಿ ಹಾಕಿಸಿದೆ. ಈಗ ಮತ್ತೆ ಬೆಳಿಗ್ಗೆ ಹೊತ್ತು ಸೆಲ್ಫ್ ಎಳೆಯುವುದಿಲ್ಲ. ಆಲ್ಟರ್ನೇಟರ್ ಹೋಗಿದೆ, ಬದಲಿಸಿ ಎನ್ನುತ್ತಾರೆ ಗ್ಯಾರೇಜಿನವರು. ನನ್ನ ಹತ್ತಿರ ಮಲ್ಟಿಮೀಟರ್ ಇದೆ. ಮನೆಯಲ್ಲೇ ಪರೀಕ್ಷಿಸಬಹುದೇ?

ಉತ್ತರ: ಖಂಡಿತ. ಅಳೆದು ನೋಡದೆ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಮಾಡುವ ಜನರೇಟರ್) ಬದಲಿಸಲೇಬೇಡಿ.

ಬೆಳಿಗ್ಗೆ, ಕಾರು ಸ್ಟಾರ್ಟ್ ಮಾಡುವ ಮೊದಲೇ ಶುರು ಮಾಡಿ. ಓಡಿಸಿ ನಿಲ್ಲಿಸಿದ ಕೂಡಲೇ ಅಳೆದರೆ ಬ್ಯಾಟರಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು, ಕಡ್ಡಿಗಳನ್ನು ಬ್ಯಾಟರಿಯ ಸೀಸದ ಕಂಬಗಳಿಗೇ ಒತ್ತಿ. 12.6 ಬಂದರೆ ಪೂರ್ತಿ ಚಾರ್ಜ್ ಇದೆ. 12.2 ಅಂದರೆ ಸುಮಾರು ಅರ್ಧ. 12ಕ್ಕಿಂತ ಕೆಳಗಿದ್ದರೆ ಹೆಚ್ಚುಕಡಿಮೆ ಖಾಲಿ. ಆಗ ಮೊದಲು ಚಾರ್ಜರ್ ಹಾಕಿ ತುಂಬಿಸಿಕೊಳ್ಳಿ. ಖಾಲಿ ಬ್ಯಾಟರಿ ಇಟ್ಟುಕೊಂಡು ಮಾಡಿದ ಪರೀಕ್ಷೆ ದಾರಿ ತಪ್ಪಿಸುತ್ತದೆ. ತುಂಬಿದ ಮೇಲೂ ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 9.6ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯ ಮೇಲೇ ಅನುಮಾನ ಪಡಿ.

ಎಂಜಿನ್ ಓಡುವಾಗ ಅದೇ ಜಾಗದಲ್ಲಿ 13.8ರಿಂದ 14.6ರವರೆಗೆ ಬರಬೇಕು. ಈಗ ಹೆಡ್‌ಲೈಟ್, ಬ್ಲೋವರ್ ಹಾಕಿ ಆಕ್ಸಿಲರೇಟರ್ ಸ್ವಲ್ಪ ಒತ್ತಿ. 13.5ರ ಮೇಲೆ ನಿಂತರೆ ಚಾರ್ಜಿಂಗ್ ಸರಿಯಿದೆ. 12ರ ಆಸುಪಾಸಿನಲ್ಲೇ ಉಳಿದು ಇಳಿಯುತ್ತಾ ಹೋದರೆ ಚಾರ್ಜ್ ಆಗುತ್ತಿಲ್ಲ. 15 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿರಬಹುದು. ಹೊಸ ಕಾರುಗಳಲ್ಲಿ ಕಂಪ್ಯೂಟರೇ ಬೇಕೆಂದು ವೋಲ್ಟೇಜ್ ಏರಿಸಿ ಇಳಿಸುತ್ತದೆ. ಹಾಗಾಗಿ ಲೈಟ್ ಹಾಕಿಯೇ ತೀರ್ಮಾನಕ್ಕೆ ಬನ್ನಿ.

ಚಾರ್ಜ್ ಆಗದಿದ್ದರೂ ತಪ್ಪು ಆಲ್ಟರ್ನೇಟರಿನದೇ ಎಂದು ಹೇಳಲಾಗದು. ಬೆಲ್ಟ್ ಸಡಿಲವಾಗಿದೆಯೇ ನೋಡಿ. ಆಮೇಲೆ ವೈರ್. ಎಷ್ಟೋ ಜನ ಬಿಟ್ಟುಬಿಡುವುದು ಇದನ್ನೇ. ಎಂಜಿನ್ ಓಡುತ್ತಿರಲಿ, ಲೈಟ್ ಉರಿಯುತ್ತಿರಲಿ. ಒಂದು ಕಡ್ಡಿಯನ್ನು ಆಲ್ಟರ್ನೇಟರಿನ ದಪ್ಪ ವೈರ್ ಕೂರುವ ಬೋಲ್ಟಿಗೆ, ಇನ್ನೊಂದನ್ನು ಬ್ಯಾಟರಿಯ ಪ್ಲಸ್‌ಗೆ ಹಿಡಿಯಿರಿ. 0.3 ವೋಲ್ಟ್ ಮೀರಬಾರದು. ಆಲ್ಟರ್ನೇಟರಿನ ಮೈಯಿಂದ ಬ್ಯಾಟರಿಯ ಮೈನಸ್‌ಗೆ 0.2 ಮೀರಬಾರದು. ಎರಡೂ ಸೇರಿದರೂ ಅರ್ಧ ವೋಲ್ಟ್ ತಾನೇ ಅನ್ನಿಸಬಹುದು. ಆದರೆ ತುಂಬಿದ ಬ್ಯಾಟರಿಗೂ ಚಾರ್ಜಿಂಗ್ ವೋಲ್ಟೇಜಿಗೂ ಇರುವ ಅಂತರವೇ ಎರಡು ವೋಲ್ಟ್ ದಾಟುವುದಿಲ್ಲ, ಅದರಲ್ಲಿ ಅರ್ಧ ವೋಲ್ಟ್ ದಾರಿಯಲ್ಲೇ ಸೋರಿದಂತೆ. ಟರ್ಮಿನಲ್ ಉಜ್ಜಿ, ಅರ್ತ್ ವೈರ್ ಬಿಗಿಮಾಡಿದರೆ ಸರಿಹೋದ ಕಾರುಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಒಂದು ಎಚ್ಚರಿಕೆ: ಆ ಬೋಲ್ಟಿನಲ್ಲಿ ಎಂಜಿನ್ ನಿಂತಾಗಲೂ ಕರೆಂಟ್ ಇರುತ್ತದೆ. ಸ್ಪ್ಯಾನರ್ ತಾಗಿಸಬೇಡಿ. ಸಡಿಲ ತೋಳು, ದುಪಟ್ಟಾ ಬೆಲ್ಟಿನ ಹತ್ತಿರ ಸುಳಿಯದಿರಲಿ.

ಓಡುವ ಎಂಜಿನ್ನಿನಲ್ಲಿ ಬ್ಯಾಟರಿ ವೈರ್ ಕಿತ್ತು ನೋಡುವ ಹಳೆಯ ಪರೀಕ್ಷೆಯನ್ನು ದಯವಿಟ್ಟು ಮಾಡಬೇಡಿ, ಯಾರಿಗೂ ಮಾಡಲು ಬಿಡಬೇಡಿ. ವೋಲ್ಟೇಜ್ ಒಮ್ಮೆಲೇ ಜಿಗಿದು ಕಾರಿನ ಕಂಪ್ಯೂಟರ್ ಸುಟ್ಟುಹೋಗಬಹುದು.

ಇನ್ನು ನಿಮ್ಮ ತೊಂದರೆ ಬೆಳಿಗ್ಗೆ ಮಾತ್ರ ಅಲ್ವಾ? ಚಾರ್ಜಿಂಗ್ ಸರಿಯಿದ್ದರೆ, ರಾತ್ರಿ ಯಾವುದೋ ಕರೆಂಟ್ ಎಳೆಯುತ್ತಿರಬೇಕು. ಮೀಟರಿನ ಕೆಂಪು ವೈರನ್ನು 10 ಆಂಪ್ಸ್ ತೂತಿಗೆ ಬದಲಿಸಿ, ಡಯಲ್ಲನ್ನೂ ಅಲ್ಲಿಗೇ ತಿರುಗಿಸಿ. ಎಲ್ಲಾ ಆಫ್ ಮಾಡಿ, ಬ್ಯಾಟರಿಯ ಮೈನಸ್ ವೈರ್ ಬಿಚ್ಚಿ, ವೈರಿಗೂ ಕಂಬಕ್ಕೂ ನಡುವೆ ಮೀಟರ್ ಸೇರಿಸಿ. ಅರ್ಧ ಗಂಟೆ ಕಾಯಿರಿ, ಕೀ ತಿರುಗಿಸಲೇಬೇಡಿ. ಸಾಮಾನ್ಯವಾಗಿ 50 ಮಿಲಿಆಂಪ್ಸ್ ಒಳಗೆ ಇಳಿಯಬೇಕು. ಇಳಿಯದಿದ್ದರೆ ಒಂದೊಂದೇ ಫ್ಯೂಸ್ ತೆಗೆಯುತ್ತಾ ಹೋಗಿ. ಯಾವುದನ್ನು ತೆಗೆದಾಗ ಇಳಿಯಿತೋ ಆ ಸಾಲಿನಲ್ಲೇ ಕಳ್ಳ ಇದ್ದಾನೆ.

ಯಾವ ಫ್ಯೂಸಿಗೂ ಜಗ್ಗದಿದ್ದರೆ ಬ್ಯಾಟರಿಯಿಂದ ಮೀಟರ್ ಬಿಡಿಸಿ, ಆಲ್ಟರ್ನೇಟರಿನ ದಪ್ಪ ವೈರ್ ಬಿಚ್ಚಿ, ತುದಿಗೆ ಟೇಪ್ ಸುತ್ತಿ, ಮತ್ತೆ ಅಳೆಯಿರಿ. ಈಗ ಇಳಿದರೆ ಆಲ್ಟರ್ನೇಟರಿನ ಒಳಗಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಸೋರುತ್ತಿದೆ. ಹಗಲು ಚೆನ್ನಾಗಿ ಚಾರ್ಜ್ ಮಾಡುತ್ತಲೇ ರಾತ್ರಿ ಬ್ಯಾಟರಿ ಖಾಲಿ ಮಾಡುವ ಕಾಯಿಲೆ ಇದು. ಹಾಗಿದ್ದರೆ ಗ್ಯಾರೇಜಿನವರು ಹೇಳಿದ್ದೇ ಸರಿ. ಆದರೂ ಡಯೋಡ್ ಪ್ಲೇಟ್ ಮಾತ್ರ ಬದಲಿಸಲು ಆಗುತ್ತದೆಯೇ ಎಂದು ಮೊದಲು ಕೇಳಿ.